ಪಶ್ಚಿಮ ಘಟ್ಟದ ಭೂಗೋಳ: ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮಾತು ಬಂದಾಗಲೆಲ್ಲ ತಿರುಗಿ ಬರುವ ಪ್ರಶ್ನೆಗಳಿವು. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಕೋಟ್ಯಂತರ ವರ್ಷ ಹಿಂದಕ್ಕೆ ಹೋಗಬೇಕು. ಉದಾಹರಣೆಗಳು ಕರ್ನಾಟಕದವೇ ಜಾಸ್ತಿ. ಓದುವವರು ಓಡಾಡಿರುವ ಜಾಗಗಳು ಅವೇ ಅಲ್ವಾ?

ಪಶ್ಚಿಮ ಘಟ್ಟ ಎಲ್ಲಿಂದ ಎಲ್ಲಿಯವರೆಗೆ ಇದೆ?

ಗುಜರಾತ್‌-ಮಹಾರಾಷ್ಟ್ರ ಗಡಿಯ ಹತ್ತಿರ, ತಾಪಿ ನದಿಯ ದಕ್ಷಿಣಕ್ಕೆ ಶುರುವಾಗಿ ಕನ್ಯಾಕುಮಾರಿಯ ಸಮೀಪದವರೆಗೆ, ಸುಮಾರು 1600 ಕಿ.ಮೀ. ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಎಂಬ ಆರು ರಾಜ್ಯಗಳಲ್ಲಿ ಹಾದು ಹೋಗುತ್ತದೆ. ಉದ್ದಕ್ಕೂ ಅರಬ್ಬೀ ಸಮುದ್ರಕ್ಕೆ ಸಮಾನಾಂತರವಾಗಿಯೇ ಇದೆ. ಆದರೆ ದಂಡೆಯಿಂದ ಇರುವ ದೂರ ಎಲ್ಲ ಕಡೆ ಒಂದೇ ಅಲ್ಲ. ಮಂಗಳೂರಿನಿಂದ ಘಟ್ಟದ ಬುಡಕ್ಕೆ ಬರಬೇಕಾದರೆ ಒಂದೆರಡು ಗಂಟೆ ಬಸ್ಸಿನಲ್ಲಿ ಕೂರಬೇಕು. ಕಾರವಾರದಲ್ಲಿ ಗುಡ್ಡಗಳು ಸೀದಾ ಸಮುದ್ರದ ಅಂಚಿಗೇ ಬಂದು ನಿಂತಿವೆ.

ಸಹ್ಯಾದ್ರಿ, ಪಶ್ಚಿಮ ಘಟ್ಟ, ಮಲೆನಾಡು: ಮೂರೂ ಒಂದೇನಾ?

ಮೊದಲ ಎರಡು ಹೆಚ್ಚುಕಡಿಮೆ ಒಂದೇ. ಸಹ್ಯ ಎಂಬುದು ಹಳೆಯ ಹೆಸರು. ಪುರಾಣಗಳು ಹೇಳುವ ಏಳು ಕುಲಪರ್ವತಗಳಲ್ಲಿ ಸಹ್ಯವೂ ಒಂದು. ಮಲೆನಾಡು ಬೇರೆ. ಅದು ಘಟ್ಟದ ನೆತ್ತಿ ಮತ್ತು ಅದರಿಂದ ಪೂರ್ವಕ್ಕೆ ಇಳಿಜಾರಾಗಿ ಹೋಗುವ ಸೀಮೆ: ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ, ಸಕಲೇಶಪುರ, ಕೊಡಗು. ಅದರಾಚೆ ಅರೆಮಲೆನಾಡು, ಆಮೇಲೆ ಬಯಲುಸೀಮೆ. ಅಂದಹಾಗೆ ಇದು ‘ಮಲೆ’ನಾಡು, ‘ಮಳೆ’ನಾಡು ಅಲ್ಲ. ಮಲೆ ಎಂದರೆ ಬೆಟ್ಟ. ಜುಲೈ ತಿಂಗಳಲ್ಲಿ ಅಲ್ಲಿ ಇದ್ದವರು ಆ ತಪ್ಪು ಮಾಡಿದರೆ ಮಾತ್ರ ಕ್ಷಮಿಸಬಹುದು.

ಇದು ನಿಜವಾದ ಪರ್ವತವೇ ಅಲ್ಲ ಅಂತಾರಲ್ಲ, ಅದೇನು?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದಲು ಪುರಸೊತ್ತು ಇದ್ದರೆ ಇದನ್ನು ಓದಿ. ಉಳಿದ ಅರ್ಧ ಉತ್ತರಗಳು ಇದರೊಳಗೇ ಇವೆ.

ಶಿವಮೊಗ್ಗ ಕಡೆಯಿಂದ ಆಗುಂಬೆಗೆ ಹೋಗಿ ನೋಡಿ. ತೀರ್ಥಹಳ್ಳಿ ದಾಟಿದ ಮೇಲೆ ಗದ್ದೆ, ಅಡಿಕೆ ತೋಟ, ಕಾಡು, ಮತ್ತೆ ಗದ್ದೆ. ಸಣ್ಣಪುಟ್ಟ ಏರಿಳಿತ ಬಿಟ್ಟರೆ ದೊಡ್ಡ ಬೆಟ್ಟ ಹತ್ತಿದ ಅನುಭವವೇ ಆಗುವುದಿಲ್ಲ. ಊರು ದಾಟಿ ಸ್ವಲ್ಪ ಮುಂದೆ ಹೋದರೆ ಕಾಲಡಿಯ ನೆಲ ಮುಗಿದೇ ಹೋಗುತ್ತದೆ. ಎದುರಿಗೆ ಐನೂರು ಮೀಟರ್‌ಗೂ ಜಾಸ್ತಿ ಆಳದಲ್ಲಿ ಕರಾವಳಿ. ಅದೇ ಜಾಗವನ್ನು ಕೆಳಗಿನ ಸೋಮೇಶ್ವರದಿಂದ ನೋಡಿದರೆ ಆಕಾಶದ ಅರ್ಧಕ್ಕೆ ಅಡ್ಡ ನಿಂತ ಬೆಟ್ಟ. ಕೆಳಗಿನವರಿಗೆ ಪರ್ವತ, ಮೇಲಿನವರಿಗೆ ಜಗಲಿಯ ಅಂಚು.

ಹಿಮಾಲಯ ಎರಡು ಭೂಫಲಕ ಡಿಕ್ಕಿ ಹೊಡೆದು, ನೆಲ ಮಡಿಕೆಯಾಗಿ ಮೇಲೆದ್ದ ಪರ್ವತ. ಘಟ್ಟ ಹಾಗೆ ಎದ್ದಿದ್ದಲ್ಲ. ಇದು ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ಕಡಿದಾದ ಅಂಚು. ಹಿಂದೆ ಭಾರತ, ಮಡಗಾಸ್ಕರ್, ಆಫ್ರಿಕಾ ಎಲ್ಲ ಗೊಂಡ್ವಾನ ಎಂಬ ಒಂದೇ ದೊಡ್ಡ ಭೂಖಂಡವಾಗಿದ್ದವು. ಅದು ಒಡೆಯುತ್ತಾ ಬಂದು, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಯಿತು. ಆಮೇಲೆ ಸೇಶೆಲ್ಸ್ ಕೂಡ ಕಳಚಿಕೊಂಡಿತು. ಹೀಗೆ ಹರಿದ ಕಡೆ ಉಳಿದ ಎತ್ತರದ ಅಂಚನ್ನು ಮಳೆ, ಹೊಳೆಗಳು ಕೊರೆಯುತ್ತಾ ಒಳಕ್ಕೆ ತಳ್ಳಿಕೊಂಡು ಬಂದಿವೆ. ಇವತ್ತು ನಾವು ನೋಡುವ ಘಟ್ಟ ಅದು.

ಹರಿದಿದ್ದಕ್ಕೆ ಸಾಕ್ಷಿ ಬೇಕಾ? ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿ ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಕಾಣುವ ಕಲ್ಲಿನ ಕಂಬಗಳು, ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಆದವು.

ನಮ್ಮ ಭಾಷೆಗೆ ಈ ವಿಷಯ ಮೊದಲೇ ಗೊತ್ತಿತ್ತೇನೋ. ಸ್ನಾನಘಟ್ಟ ಎಂದರೆ ನೀರಿಗಿಳಿಯುವ ಮೆಟ್ಟಿಲು. ಜೀವನದ ಒಂದು ಘಟ್ಟ ಎಂದರೆ ಒಂದು ಹಂತ. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ಎರಡೇ ಲೋಕ ಇರುವ ಹಾಗೆ ಮಾತಾಡುತ್ತೇವೆ. ‘ಘಟ್ಟದ ಆಚೆ’ ಎನ್ನುವವರು ಕಡಿಮೆ. ಬೆಟ್ಟಕ್ಕೆ ಆಚೆ-ಈಚೆ ಇರುತ್ತದೆ, ಮೆಟ್ಟಿಲಿಗೆ ಮೇಲೆ-ಕೆಳಗೆ.

ಹಿಮಾಲಯಕ್ಕಿಂತ ಹಳೆಯದು ಅನ್ನೋದು ನಿಜವಾ?

ನಿಜ. ಆದರೆ ಯಾವುದು ಹಳೆಯದು ಎಂದು ಬಿಡಿಸಿ ಹೇಳಬೇಕು. ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಘಟ್ಟದ ಅಂಚು ರೂಪುಗೊಳ್ಳಲು ಶುರುವಾಗಿದ್ದು ಅದಕ್ಕೂ ಮೊದಲು. ಕಲ್ಲಿನ ವಯಸ್ಸು ಕೇಳಿದರೆ ಲೆಕ್ಕವೇ ಬೇರೆ. ಕರ್ನಾಟಕದ ಘಟ್ಟದ ಹಲವು ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ. ಮನೆ ಕಟ್ಟಿದ್ದು ಯಾವಾಗ, ಇಟ್ಟಿಗೆ ಸುಟ್ಟಿದ್ದು ಯಾವಾಗ ಎಂಬಷ್ಟೇ ವ್ಯತ್ಯಾಸ.

ಉದ್ದಕ್ಕೂ ಒಂದೇ ಥರದ ಕಲ್ಲಾ?

ಅಲ್ಲ. ಬೆಳಗಾವಿಯ ಆಸುಪಾಸಿನಲ್ಲಿ ಕಲ್ಲು ಬದಲಾಗುತ್ತದೆ. ಅದರಿಂದ ಉತ್ತರಕ್ಕೆ ಬಸಾಲ್ಟ್ ಎಂಬ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಪದರ ಪದರವಾಗಿ ಹರಡಿ ಆಗಿದ್ದು. ಮಹಾರಾಷ್ಟ್ರದ ಗುಡ್ಡಗಳ ತಲೆ ಚಪ್ಪಟೆ, ಮೈ ಮೆಟ್ಟಿಲು ಮೆಟ್ಟಿಲು. ಕೋಟೆ ಕಟ್ಟಲು ಹೇಳಿ ಮಾಡಿಸಿದ ಹಾಗೆ. ಆ ಲಾವಾ ಪ್ರದೇಶಕ್ಕೆ ಭೂವಿಜ್ಞಾನಿಗಳು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದಿದ್ದು. ಅಲ್ಲಿಗೆ ಸ್ವೀಡನ್ನಿನವರೂ ನಾವೂ ಒಂದೇ ಹೆಸರಿಟ್ಟ ಹಾಗಾಯಿತು.

ದಕ್ಷಿಣಕ್ಕೆ ಬಂದರೆ ನೈಸ್, ಗ್ರಾನೈಟ್, ಚಾರ್ನೊಕೈಟ್. ಇಲ್ಲಿ ಬೆಟ್ಟಗಳ ತಲೆ ದುಂಡಗೆ. ಚಾರ್ನೊಕೈಟ್ ಹೆಸರಿನ ಕಥೆ ಮಜವಾಗಿದೆ: ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್ ಎಂಬಾತನ ಗೋರಿಯ ಕಲ್ಲಿನಿಂದ ಈ ಜಾತಿಯ ಬಂಡೆಗೆ ಹೆಸರು ಬಂತು.

ಇವೆಲ್ಲದರ ಮೇಲೆ ಅಲ್ಲಲ್ಲಿ ಟೋಪಿ ಹಾಕಿದ ಹಾಗೆ ಇರುವುದು ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಜೋರು ಮಳೆ, ಆಮೇಲೆ ಒಣ ಬಿಸಿಲು, ಮತ್ತೆ ಮಳೆ. ಹೀಗೆ ಲಕ್ಷಾಂತರ ವರ್ಷ ನಡೆದರೆ ಕಲ್ಲಿನ ಉಳಿದ ಅಂಶಗಳು ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಕೆಂಪು ಬಣ್ಣ ಕಬ್ಬಿಣದ್ದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದು ಇಟ್ಟಿಗೆ ಎಂಬ ಲ್ಯಾಟಿನ್ ಶಬ್ದದಿಂದ ಬಂದಿದ್ದು. ಅವನು ನೋಡಿದ್ದು ಕೇರಳದ ಅಂಗಡಿಪುರದಲ್ಲಿ, ಜನ ಅದನ್ನು ಕಡಿದು ಗೋಡೆ ಕಟ್ಟುವುದನ್ನು. ಆ ಕೆಲಸ ಇವತ್ತಿಗೂ ನಡೆದಿದೆ.

ಅತಿ ಎತ್ತರದ ಶಿಖರ ಯಾವುದು?

ಕೇರಳದ ಆನಮುಡಿ, 2695 ಮೀಟರ್. ದಕ್ಷಿಣ ಭಾರತದಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ನೀಲಗಿರಿಯ ದೊಡ್ಡಬೆಟ್ಟ 2637 ಮೀಟರ್. ತಮಿಳುನಾಡಿನಲ್ಲಿದ್ದರೂ ಹೆಸರು ಅಚ್ಚ ಕನ್ನಡದ್ದು. ಕರ್ನಾಟಕಕ್ಕೆ ಮುಳ್ಳಯ್ಯನಗಿರಿ, ಸುಮಾರು 1930 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿ 1646.

ಇಷ್ಟೊಂದು ಮಳೆ ಯಾಕೆ ಬೀಳುತ್ತದೆ?

ಜೂನ್‌ನಲ್ಲಿ ನೈಋತ್ಯದಿಂದ ಬರುವ ಮುಂಗಾರು ಗಾಳಿ ಸಾವಿರಾರು ಕಿ.ಮೀ. ಸಮುದ್ರದ ಮೇಲೆ ಬಂದು ನೀರಿನ ಆವಿ ತುಂಬಿಕೊಂಡಿರುತ್ತದೆ. ಘಟ್ಟ ಅಡ್ಡ ಸಿಕ್ಕಿದಾಗ ಅದು ಮೇಲೆ ಹತ್ತಲೇಬೇಕು. ಮೇಲೆ ಹೋದ ಹಾಗೆ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ತಣ್ಣನೆ ಗಾಳಿಗೆ ಅಷ್ಟೊಂದು ಆವಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಸುರಿಸಿಬಿಡುತ್ತದೆ. ಅಂಚು ದಾಟಿದ ಮೇಲೆ ಗಾಳಿ ಇಳಿಯುತ್ತಾ ಬಿಸಿಯಾಗುತ್ತದೆ, ಮಳೆ ಕಡಿಮೆಯಾಗುತ್ತದೆ. ಆ ಕಡೆಯದ್ದು ಮಳೆ ನೆರಳಿನ ಪ್ರದೇಶ.

ಮಹಾಬಲೇಶ್ವರದಲ್ಲಿ ವರ್ಷಕ್ಕೆ ಐದಾರು ಸಾವಿರ ಮಿ.ಮೀ. ಮಳೆ. ಅಲ್ಲಿಂದ 20 ಕಿ.ಮೀ. ಆಸುಪಾಸಿನ ಪಂಚಗಣಿಯಲ್ಲಿ ಅದರ ಮೂರನೇ ಒಂದು ಪಾಲು. ಇನ್ನೂ ಕೆಳಗಿನ ವಾಯಿಯಲ್ಲಿ ಬಯಲುಸೀಮೆಯ ಮಳೆ. ನಮ್ಮಲ್ಲೂ ಇದೇ ಕಥೆ. ಆಗುಂಬೆಯಲ್ಲಿ 7000 ಮಿ.ಮೀ. ದಾಟುವುದು ಮಾಮೂಲು, ಚಳ್ಳಕೆರೆಯಲ್ಲಿ 500 ಬಂದರೆ ಹಬ್ಬ. ಒಂದೇ ಮೋಡ, ಒಂದೇ ಗಾಳಿ. ನಡುವೆ ಈ ಅಂಚು.

ಹಾಗಾದರೆ ಅತಿ ಎತ್ತರದ ಬೆಟ್ಟದಲ್ಲೇ ಅತಿ ಹೆಚ್ಚು ಮಳೆ ಬೀಳಬೇಕಲ್ಲ?

ಬೀಳುವುದಿಲ್ಲ. ಆಗುಂಬೆ 650 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ಮೂರನೇ ಒಂದು ಪಾಲು. ಆದರೆ ಅದು ಇರುವುದು ಅಂಚಿನ ಮೇಲೆ, ಸಮುದ್ರಕ್ಕೆ ಮುಖ ಮಾಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಇರುವ ಸಾಲು ಒಳನಾಡಿಗೆ ಸರಿದು ನಿಂತಿದೆ. ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ಚೀಲ ಅರ್ಧ ಖಾಲಿ. ಎಷ್ಟು ಎತ್ತರ ಎನ್ನುವುದಕ್ಕಿಂತ ಎಲ್ಲಿ ನಿಂತಿದೆ, ಎಷ್ಟು ಕಡಿದಾಗಿದೆ ಎಂಬುದೇ ಮುಖ್ಯ. ಹೊಸನಗರ ತಾಲೂಕಿನ ಹುಲಿಕಲ್, ಖಾನಾಪುರ ತಾಲೂಕಿನ ಆಮಗಾಂವ್ ಎರಡೂ ಆಗುಂಬೆಗೆ ಪೈಪೋಟಿ ಕೊಡುವುದು ಇದೇ ಕಾರಣಕ್ಕೆ.

ಪಕ್ಕದಲ್ಲೇ ಅರಬ್ಬೀ ಸಮುದ್ರ ಇದ್ದರೂ ಕಾವೇರಿ, ಕೃಷ್ಣಾ ಯಾಕೆ ಪೂರ್ವಕ್ಕೆ ಹೋಗುತ್ತವೆ?

ಜಗಲಿ ಪೂರ್ವಕ್ಕೆ ವಾಲಿದೆ, ಅದಕ್ಕೆ. ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಎತ್ತರ, ಪೂರ್ವ ತಗ್ಗು. ಅಂಚಿನ ಸ್ವಲ್ಪ ಒಳಗೆ ಬಿದ್ದ ನೀರಿಗೂ ಹಿಂದೆ ಹರಿಯುವುದೇ ಸುಲಭ. ತಲಕಾವೇರಿಯಿಂದ ಅರಬ್ಬೀ ಸಮುದ್ರ ನೇರ ಅಳತೆಯಲ್ಲಿ 50 ಕಿ.ಮೀ. ಆಸುಪಾಸು ಅಷ್ಟೇ. ಕಾವೇರಿ ಅದಕ್ಕೆ ಬೆನ್ನು ಹಾಕಿ ಸುಮಾರು 800 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಮಹಾಬಲೇಶ್ವರದ ಕೃಷ್ಣೆಯದು 1400 ಕಿ.ಮೀ., ತ್ರ್ಯಂಬಕದ ಗೋದಾವರಿಯದು 1465.

ಕುದುರೆಮುಖದ ಬೆಟ್ಟಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ತುಂಗಾ, ಭದ್ರಾ ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಒಂದಾಗಿ, ಕೃಷ್ಣೆಯ ಜೊತೆ ಪೂರ್ವಕ್ಕೆ ಹೋಗುತ್ತವೆ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ನೀರು ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ.

ಪಶ್ಚಿಮದ ಹೊಳೆಗಳು ಗಿಡ್ಡ, ಆದರೆ ಅವಸರದವು. ಶರಾವತಿ ಅಂಬುತೀರ್ಥದಿಂದ ಹೊನ್ನಾವರದವರೆಗೆ ಹರಿಯುವುದು ಬರೀ 128 ಕಿ.ಮೀ.

ನೀರು ಎರಡು ಸಮುದ್ರಕ್ಕೆ ಬೇರೆಯಾಗುವ ಜಾಗವನ್ನು ಕಣ್ಣಾರೆ ನೋಡಬಹುದಾ?

ನೋಡಬಹುದು. ಸಕಲೇಶಪುರ ತಾಲೂಕಿನ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿ ಬಳಿ, ದಿಣ್ಣೆಯೊಂದರ ಮೇಲೆ ಒಂದು ಗುರುತಿನ ಕಲ್ಲು ನೆಟ್ಟಿದ್ದಾರೆ. ಒಂದು ಕಡೆಗೆ ಅರಬ್ಬೀ ಸಮುದ್ರ, ಇನ್ನೊಂದು ಕಡೆಗೆ ಬಂಗಾಳ ಕೊಲ್ಲಿ. ನೋಡಲು ಏನೂ ಇಲ್ಲ, ಸುಮ್ನೆ ಒಂದು ಕಲ್ಲು. ಕೈಯಲ್ಲಿರುವ ಬಾಟಲಿಯ ನೀರನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪ ಚೆಲ್ಲದೆ ಬರಲು ಮಾತ್ರ ಮನಸ್ಸಾಗುವುದಿಲ್ಲ.

ಜೋಗ ಯಾಕೆ ಅಲ್ಲೇ ಇದೆ?

ಶರಾವತಿ ಮೇಲಿನ ಮೆಟ್ಟಿಲು ಮುಗಿಸಿ ಕೆಳಗಿನದಕ್ಕೆ ಕಾಲಿಡುವ ಜಾಗ ಅದು. ಹೊಳೆ ತನ್ನ ಕಣಿವೆಯನ್ನು ಹಿಂದಕ್ಕೆ ಕೊರೆದುಕೊಂಡು ಅಲ್ಲಿಯವರೆಗೆ ಬಂದಿದೆ. 253 ಮೀಟರ್ ಬೀಳು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಮೊದಲಿನ ಹರಿವು ಇಲ್ಲ. ಬೇಸಿಗೆಯಲ್ಲಿ ಹೋಗಿ ಬೇಜಾರು ಮಾಡಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಆದರೆ ಬಂಡೆ ಎಷ್ಟು ಎತ್ತರ ಎಂದು ಸರಿಯಾಗಿ ಕಾಣುವುದು ನೀರಿಲ್ಲದಾಗಲೇ.

ಪಾಲಕ್ಕಾಡ್ ಗ್ಯಾಪ್ ಎಂದರೇನು?

ಘಟ್ಟದ ಗೋಡೆಯಲ್ಲಿರುವ ಒಂದೇ ದೊಡ್ಡ ಬಾಗಿಲು. ನೀಲಗಿರಿ ಮತ್ತು ಆನೆಮಲೆಗಳ ನಡುವೆ 30 ಕಿ.ಮೀ.ಗೂ ಅಗಲ, ಅಕ್ಕಪಕ್ಕ ಎರಡು ಸಾವಿರ ಮೀಟರ್ ಬೆಟ್ಟಗಳಿದ್ದರೂ ಇಲ್ಲಿ ನೆಲ ನೂರಿನ್ನೂರು ಮೀಟರ್ ಅಷ್ಟೇ. ಕೊಯಮತ್ತೂರಿನಿಂದ ಕೇರಳಕ್ಕೆ ರೈಲು ಘಾಟಿ ಹತ್ತದೆ ಹೋಗುವುದು ಇದರ ದೆಸೆಯಿಂದ. ಮುಂಗಾರಿನ ಗಾಳಿಯೂ ಈ ಬಾಗಿಲಲ್ಲಿ ನುಗ್ಗುತ್ತದೆ. ಬೆಟ್ಟದ ಪ್ರಾಣಿಗಳಿಗೆ ಮಾತ್ರ ಇದು ಬಾಗಿಲಲ್ಲ, ಕಂದಕ. ಎರಡೂ ಬದಿಯ ಆನೆಗಳ ವಂಶವಾಹಿಗಳಲ್ಲಿ ಕೂಡ ವ್ಯತ್ಯಾಸ ಕಂಡಿದೆ.

ಕರ್ನಾಟಕದಲ್ಲಿ ಯಾವ ಘಾಟಿ ಎಲ್ಲಿಂದ ಎಲ್ಲಿಗೆ?

ಉತ್ತರದಿಂದ ಹೊರಡೋಣ. ಬೆಳಗಾವಿ ಕಡೆಯಿಂದ ಗೋವಾಕ್ಕೆ ಚೋರ್ಲಾ ಮತ್ತು ಅನಮೋಡ. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್. ಶಿರಸಿಯಿಂದ ಕುಮಟೆಗೆ ದೇವಿಮನೆ. ಹೊಸನಗರದಿಂದ ಕುಂದಾಪುರದ ಕಡೆಗೆ ಹುಲಿಕಲ್, ಬಾಳೆಬರೆ ಎಂದೂ ಕರೆಯುತ್ತಾರೆ. ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ, 14 ತಿರುವು. ದೊಡ್ಡ ಲಾರಿಗಳಿಗೆ ಇದು ಆಗಿಬರುವುದಿಲ್ಲ. ಮೂಡಿಗೆರೆ-ಕೊಟ್ಟಿಗೆಹಾರದಿಂದ ಉಜಿರೆಗೆ ಚಾರ್ಮಾಡಿ. ಸಕಲೇಶಪುರದಿಂದ ಗುಂಡ್ಯಕ್ಕೆ ಶಿರಾಡಿ. ಮಡಿಕೇರಿಯಿಂದ ಸುಳ್ಯಕ್ಕೆ ಸಂಪಾಜೆ.

ಬೆಂಗಳೂರು-ಮಂಗಳೂರು ಓಡಾಟದ ಭಾರವೆಲ್ಲ ಶಿರಾಡಿಯ ಮೇಲೆ. ಜೋರು ಮಳೆಯಲ್ಲಿ ಅದು ಮುಚ್ಚಿದರೆ ವಾಹನಗಳು ಚಾರ್ಮಾಡಿಗೆ ತಿರುಗುತ್ತವೆ, ಅಲ್ಲೂ ಧರೆ (ರಸ್ತೆ ಬದಿಯ ಮಣ್ಣಿನ ಗೋಡೆ) ಕುಸಿದರೆ ಸಂಪಾಜೆಗೆ. ಮೂರೂ ಒಟ್ಟಿಗೆ ಕೈಕೊಟ್ಟ ದಿನ ಕರಾವಳಿಯವರಿಗೆ ಘಟ್ಟ ಎಂದರೇನು ಎಂದು ಯಾರೂ ಪಾಠ ಹೇಳಬೇಕಾಗಿಲ್ಲ.

ರೈಲಿಗೆ ಈ ಏರು ಇನ್ನೂ ಕಷ್ಟ. ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಕ್ಯಾಸಲ್‌ರಾಕ್‌ನಿಂದ ಗೋವಾಕ್ಕೆ ಇಳಿಯುವ ಹಳಿ ದೂಧ್‌ಸಾಗರ್ ಜಲಪಾತದ ಮುಂದೆಯೇ ಹಾದು ಹೋಗುತ್ತದೆ.

ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎಲ್ಲಿ ಸೇರುತ್ತವೆ?

ನೀಲಗಿರಿಯಲ್ಲಿ. ಪೂರ್ವ ಘಟ್ಟ ಇಷ್ಟು ಎಡೆಬಿಡದ ಸಾಲಲ್ಲ. ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ ಅದನ್ನು ತುಂಡು ತುಂಡು ಮಾಡಿವೆ. ಕತ್ತರಿಸಿದ ಈ ನಾಲ್ಕರಲ್ಲಿ ಮೂರು ನದಿ ಹುಟ್ಟಿದ್ದು ಪಶ್ಚಿಮ ಘಟ್ಟದಲ್ಲೇ.

ಕುದುರೆಮುಖದ ಬೆಟ್ಟಗಳ ಮೇಲೆ ಮರ ಯಾಕಿಲ್ಲ? ಕಡಿದಿದ್ದಾರಾ?

ಇಲ್ಲ, ಅಲ್ಲಿ ಹುಲ್ಲೇ ಸಹಜ. ಎತ್ತರದ ಬೋಳು ಮೈಯಲ್ಲಿ ಗಾಳಿ ಜೋರು, ಮಣ್ಣು ತೆಳು. ನೀರು ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಮರಗಳು ಒತ್ತಾಗಿ ಬೆಳೆದು ಶೋಲಾ ಕಾಡಾಗುತ್ತವೆ. ದೂರದಿಂದ ನೋಡಿದರೆ ಹಸಿರು ಕಂಬಳಿಯ ನೆರಿಗೆಯೊಳಗೆ ಕಡುಹಸಿರು ದಾರ ಹೊಲಿದ ಹಾಗೆ. ಹುಲ್ಲಿನ ಬೇರು ಮಳೆನೀರನ್ನು ಹಿಡಿದು ನಿಧಾನಕ್ಕೆ ಬಿಡುವುದರಿಂದಲೇ ಬೇಸಿಗೆಯಲ್ಲೂ ಝರಿ ಇರುತ್ತದೆ. ಇಂಥ ಕಡೆ ‘ಗಿಡ ನೆಡೋಣ’ ಎಂದು ಹೊರಡುವುದು ಒಳ್ಳೆಯ ಮನಸ್ಸಿನ ಕೆಟ್ಟ ಕೆಲಸ. ನೀಲಗಿರಿಯಲ್ಲಿ ಹುಲ್ಲುಗಾವಲಿಗೆ ಹೊರಗಿನ ಅಕೇಶಿಯಾ ಜಾತಿಗಳನ್ನು ತಂದು ಹಾಕಿ, ಈಗ ಕೀಳಲು ಒದ್ದಾಡುತ್ತಿದ್ದಾರೆ.

ಇಲ್ಲಿ ಭೂಕಂಪದ ಭಯ ಇದೆಯಾ?

ಹಿಮಾಲಯದಷ್ಟು ಇಲ್ಲ. ಆದರೆ 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ 6ಕ್ಕೂ ಮೀರಿದ ತೀವ್ರತೆಯ ಭೂಕಂಪವಾಯಿತು. ಜಲಾಶಯದ ನೀರಿನ ಭಾರದಿಂದ ಪ್ರಚೋದನೆಗೊಂಡ ಭೂಕಂಪ ಎಂದರೆ ಲೋಕದಲ್ಲೆಲ್ಲ ಮೊದಲು ಕೊಡುವ ಉದಾಹರಣೆಗಳಲ್ಲಿ ಅದೂ ಒಂದು.

ಈಚೆಗೆ ಗುಡ್ಡ ಕುಸಿತ ಯಾಕೆ ಜಾಸ್ತಿ?

ಕಡಿದಾದ ಇಳಿಜಾರು, ಮಳೆಗೆ ಕೊಳೆತು ಮಣ್ಣಾದ ಕಲ್ಲಿನ ದಪ್ಪ ಪದರ, ಅದರಡಿ ಗಟ್ಟಿ ಬಂಡೆ. ಕುಸಿಯಲು ಬೇಕಾದ್ದೆಲ್ಲ ಘಟ್ಟದಲ್ಲಿ ಮೊದಲಿಂದಲೂ ಇದೆ. ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿದಾಗ ನೀರು ಇಂಗಿ ಮಣ್ಣು ಭಾರವಾಗುತ್ತದೆ, ಬಂಡೆಯ ಮೇಲೆ ಹಿಡಿತ ತಪ್ಪುತ್ತದೆ. ಅದಕ್ಕೆ ಸರಿಯಾಗಿ ಬುಡದಲ್ಲಿ ರಸ್ತೆಗೋ ಮನೆಗೋ ಎಂದು ಧರೆಯನ್ನು ನೆಟ್ಟಗೆ ಕಡಿದಿದ್ದರೆ ಮೇಲಿನದನ್ನು ತಡೆದು ನಿಲ್ಲಿಸಲು ಏನೂ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲೆಯ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಮೂರೂ ಕಡೆ ಜಾಗ ಬೇರೆ, ಸಂದರ್ಭ ಬೇರೆ. ಆದರೆ ಮೂರೂ ಕಡೆ ಜೋರು ಮಳೆಯ ಹೊತ್ತಿನಲ್ಲೇ ಜಾರಿದ್ದು. ಮಳೆಯನ್ನು ತಡೆಯಲು ಆಗುವುದಿಲ್ಲ. ಧರೆ ಎಲ್ಲಿ, ಎಷ್ಟು ಕಡಿಯಬೇಕು ಎಂಬುದು ನಮ್ಮ ಕೈಯಲ್ಲಿದೆ.

ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಇಡೀ ಘಟ್ಟ ಇದೆಯಾ?

ಇಡೀ ಘಟ್ಟ ಇಲ್ಲ. 2012ರಲ್ಲಿ ಸೇರಿದ್ದು 39 ತಾಣಗಳು. ಕರ್ನಾಟಕದ್ದು 10, ಕುದುರೆಮುಖ, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ಆಗುಂಬೆ ಅದರಲ್ಲಿವೆ. ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿ, ಕಸ್ತೂರಿರಂಗನ್ ಸಮಿತಿಯ 2013ರ ವರದಿ ಬೇರೆ ವಿಷಯ. ಘಟ್ಟದ ಎಷ್ಟು ಭಾಗ ಪರಿಸರ ಸೂಕ್ಷ್ಮ ಎಂದು ಅವು ಹೇಳಿದವು. ಎರಡನೆಯದರ ಲೆಕ್ಕ ಸುಮಾರು 37%. ಜನ ಈ ಎರಡನ್ನು ಯುನೆಸ್ಕೊ ಜೊತೆ ಕಲಸಿ ಜಗಳಾಡುವುದೇ ಜಾಸ್ತಿ.

ಒಂದೇ ದಿನದಲ್ಲಿ ಘಟ್ಟದ ಆಕಾರ ಅರ್ಥವಾಗಬೇಕು ಎಂದರೆ ಎಲ್ಲಿಗೆ ಹೋಗಬೇಕು?

ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲು ಹತ್ತಿ. ಹಾಸನದವರೆಗೆ ಬಯಲು, ಸಕಲೇಶಪುರದ ಹತ್ತಿರ ಕಾಫಿ ತೋಟ. ಅಲ್ಲಿಯವರೆಗೆ ಘಟ್ಟ ಇನ್ನೂ ಬಂದಿಲ್ಲ ಎಂದೇ ಅನಿಸುತ್ತದೆ. ಆಮೇಲೆ ರೈಲು ನಿಧಾನವಾಗಿ ಇಳಿಯಲು ಶುರು ಮಾಡುತ್ತದೆ. ಸುರಂಗ, ಸೇತುವೆ, ಮತ್ತೆ ಸುರಂಗ. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಲ್ಲಿ ಬಾಗಿಲ ಹತ್ತಿರ ಬಂದರೆ ಮೈಗೆ ಕರಾವಳಿಯ ಸೆಕೆ ಅಂಟುತ್ತದೆ. ಈಗ ತಿರುಗಿ ನೋಡಿ. ಬಂದ ದಾರಿಯಲ್ಲಿ ಎಲ್ಲೂ ಕಾಣದಿದ್ದ ಬೆಟ್ಟ ಹಿಂದೆ ನಿಂತಿರುತ್ತದೆ. ನವೆಂಬರ್-ಡಿಸೆಂಬರ್ ಒಳ್ಳೆಯ ಕಾಲ. ಜುಲೈನಲ್ಲಿ ಹೋದರೆ ಕಿಟಕಿಯಾಚೆ ಬರೀ ಮಂಜು. ರೈಲು ಓಡುತ್ತಿದೆಯಾ ಎಂದು ಮೊದಲು ವಿಚಾರಿಸಿಕೊಂಡು ಹೊರಡಿ.